ಹಳೆಯ ಮಾಲೀಕರು ಡೊಮೇನ್ ವಾಪಸ್ ಕೇಳಿದಾಗ ನಾನು ಮಾಡಿದ್ದು

ಅವಧಿ ಮುಗಿದ ಡೊಮೇನ್, ಅಂದರೆ ವೆಬ್‌ಸೈಟ್ ಹೆಸರು, ಕೊಳ್ಳುವುದು ನನಗೆ ಹೊಸದಲ್ಲ. ಊರಿನ ಹೆಸರು, ಹೂವಿನ ಹೆಸರು, ಎರಡು ಕನ್ನಡ ಪದ ಸೇರಿಸಿದ ಹೆಸರು ಡ್ರಾಪ್ ಆದರೆ, ಅಂದರೆ ಹಳೆಯವರ ಕೈಬಿಟ್ಟು ಯಾರು ಬೇಕಾದರೂ ಕೊಳ್ಳುವ ಹಾಗಾದರೆ, ಹಿಡಿದಿಟ್ಟುಕೊಳ್ಳುತ್ತೇನೆ. ಕೆಲವಕ್ಕೆ ಸೈಟ್ ಮಾಡುತ್ತೇನೆ, ಕೆಲವನ್ನು ಮಾರುತ್ತೇನೆ. ಈ ಕೆಲಸದಲ್ಲಿರುವ ಎಲ್ಲರಿಗೂ ಒಂದಲ್ಲ ಒಂದು ದಿನ ಆ ಮಾತು ಕೇಳಬೇಕಾಗುತ್ತದೆ: "ಅದು ನಮ್ಮದು, ವಾಪಸ್ ಕೊಡಿ."

ಇಲ್ಲಿ ಹೇಳುತ್ತಿರುವುದು ಒಂದು ಡಾಟ್ ಕಾಮ್ ಹೆಸರಿನ ಕಥೆ. ಹೆಸರು ಬೇಡ. ಮಲೆನಾಡಿನಲ್ಲಿ ಯಾವ ತೋಟಕ್ಕೆ ಬೇಕಾದರೂ ಇಡಬಹುದಾದ ಎರಡು ಸಾದಾ ಪದಗಳು. ನನಗೆ ಅದು ಹಕ್ಕಿಗಳ ಬಗ್ಗೆ ಒಂದು ಸೈಟ್ ಮಾಡಲು ಬೇಕಿತ್ತು. ಡ್ರಾಪ್ ಆದ ಕೂಡಲೇ ನನಗೆ ಹಿಡಿದುಕೊಡಿ ಅಂತ ಮೊದಲೇ ಬ್ಯಾಕ್‌ಆರ್ಡರ್ ಹಾಕಿದ್ದೆ, ಸಿಕ್ಕಿತು. ಸ್ವಲ್ಪ ದಿನದಲ್ಲೇ ಚಿಕ್ಕಮಗಳೂರು ಕಡೆಯ ಒಂದು ಹೋಮ್‌ಸ್ಟೇಯಿಂದ ಇಮೇಲ್ ಬಂತು. "ನಮ್ಮ ವೆಬ್‌ಸೈಟ್ ಹ್ಯಾಕ್ ಮಾಡಿದ್ದೀರಿ. ಇವತ್ತೇ ವಾಪಸ್ ಕೊಡದಿದ್ದರೆ ಸೈಬರ್ ಕ್ರೈಂಗೆ ದೂರು ಕೊಡುತ್ತೇವೆ."

ಇಂಥ ಮೇಲ್ ಬಂದಾಗ ಸಿಟ್ಟು ಬರುವುದು ಸಹಜ. ಆದರೆ ಅವರಿಗೆ ನಿಜವಾಗಲೂ ಹಾಗೇ ಅನ್ನಿಸಿರುತ್ತದೆ. ನಿನ್ನೆಯವರೆಗೆ ಇದ್ದ ಸೈಟ್ ಜಾಗದಲ್ಲಿ ಯಾರದೋ ಪುಟ. ಹ್ಯಾಕ್ ಅಂದರೆ ಜನಕ್ಕೆ ಗೊತ್ತಿರುವುದು ಅಷ್ಟೇ ಅಲ್ವಾ?

ನನ್ನ ಪದ್ಧತಿ ಒಂದೇ. ಮೊದಲ ಉತ್ತರದಲ್ಲಿ ಬೆಲೆ ಹೇಳುವುದಿಲ್ಲ, ಕೊಡುತ್ತೇನೆ ಅಂತಲೂ ಇಲ್ಲ, ಕೊಡಲ್ಲ ಅಂತಲೂ ಇಲ್ಲ. ಬರೀ ಕೇಳುತ್ತೇನೆ. ನೀವು ಯಾರು, ಹೆಸರು ಯಾವಾಗಿನಿಂದ ನಿಮ್ಮಲ್ಲಿತ್ತು, ಈಗ ಏನು ನಿಂತುಹೋಗಿದೆ? ಇದು ಬರೀ ಒಳ್ಳೆಯತನ ಅಲ್ಲ, ಕಾನೂನಿನ ಲೆಕ್ಕವೂ ಇದೆ. ಡಾಟ್ ಕಾಮ್ ಹೆಸರುಗಳ ಜಗಳಕ್ಕೆ 1999ರಿಂದ ಯುಡಿಆರ್‌ಪಿ ಅನ್ನುವ ನಿಯಮವಿದೆ. ಟ್ರೇಡ್‌ಮಾರ್ಕ್ ಇರುವವರಿಗೇ ಖರ್ಚಿಗಿಂತ ಹೆಚ್ಚಿನ ಬೆಲೆಗೆ ಮಾರಬೇಕು ಅನ್ನುವ ಉದ್ದೇಶದಿಂದಲೇ ಹೆಸರು ಹಿಡಿದಿದ್ದರೆ ಅದು ಕೆಟ್ಟ ಉದ್ದೇಶದ ಗುರುತು ಅಂತ ಅದರಲ್ಲಿ ಬರೆದೇ ಇದೆ. ಸಿಟ್ಟಿನ ಮೇಲ್‌ಗೆ "ಎರಡು ಲಕ್ಷ ಕೊಟ್ಟರೆ ಕೊಡ್ತೀನಿ" ಅಂತ ಒಂದು ಸಾಲು ಬರೆದರೆ ಸಾಕು, ಅವರ ವಕೀಲರಿಗೆ ಸಾಕ್ಷಿ ನಾವೇ ಬರೆದುಕೊಟ್ಟ ಹಾಗೆ.

ಅದೇ ಕಾರಣಕ್ಕೆ ಹೊಸದಾಗಿ ಕೊಂಡ ಡೊಮೇನ್‌ನಲ್ಲಿ ನಾನು ಪಾರ್ಕಿಂಗ್ ಜಾಹೀರಾತು (ಖಾಲಿ ಡೊಮೇನ್‌ನಲ್ಲಿ ದುಡ್ಡಿಗಾಗಿ ತೋರಿಸುವ ಜಾಹೀರಾತು) ಹಾಕುವುದಿಲ್ಲ. ಆ ಜಾಹೀರಾತು ನಾವು ಆರಿಸಿದ್ದಲ್ಲ, ತಾನಾಗಿ ಬರುತ್ತದೆ. ಹೋಮ್‌ಸ್ಟೇ ಹೆಸರಿನ ಪುಟದಲ್ಲಿ ಪಕ್ಕದ ಹೋಮ್‌ಸ್ಟೇಗಳದ್ದೇ ಲಿಂಕ್ ತೋರಿಸಿದರೆ "ನಮ್ಮ ಗಿರಾಕಿಗಳನ್ನು ಕದಿಯುತ್ತಿದ್ದಾರೆ" ಅನ್ನುವ ವಾದಕ್ಕೆ ಉತ್ತರ ಇರುವುದಿಲ್ಲ. ಒಂದು ಸಾದಾ ಪುಟ, ನನ್ನ ಇಮೇಲ್ ವಿಳಾಸ, ಅಷ್ಟೇ. 2018ರಲ್ಲಿ ಯುರೋಪಿನ ಖಾಸಗಿತನದ ಕಾನೂನು ಬಂದ ಮೇಲೆ ಡೊಮೇನ್ ಯಾರದ್ದು ಅಂತ ನೋಡುವ ಹೂಇಸ್‌ನಲ್ಲಿ ಮಾಲೀಕರ ವಿವರ ಹೆಚ್ಚುಕಮ್ಮಿ ಕಾಣುವುದೇ ಇಲ್ಲ. ಹುಡುಕಿ ಬಂದವರಿಗೆ ಒಂದು ವಿಳಾಸವಾದರೂ ಸಿಗಲಿ.

ಹೋಮ್‌ಸ್ಟೇಯವರು ನನ್ನ ಪ್ರಶ್ನೆಗಳಿಗೆ ಉತ್ತರ ಬರೆಯಲಿಲ್ಲ. ಫೋನ್ ನಂಬರ್ ಕೇಳಿದರು, ಕೊಟ್ಟೆ. ಮಾತಾಡಿದ್ದು ಮನೆಯ ಯಜಮಾನಿ. ಮೊದಲ ಐದು ನಿಮಿಷ ಬೈಗುಳ. ಆಮೇಲೆ ಕೇಳಿದರು, "ದುಡ್ಡು ಕಟ್ಟಿ ತಗೊಂಡಿದ್ದು ನಾವು. ಅದು ಹೇಗೆ ನಿಮ್ಮದಾಗುತ್ತೆ?"

ಮೊಬೈಲ್ ನಂಬರ್ ರೀಚಾರ್ಜ್ ಮಾಡದೆ ಬಿಟ್ಟರೆ ಸ್ವಲ್ಪ ಕಾಲದ ಮೇಲೆ ಕಂಪನಿ ಅದನ್ನು ಬೇರೆಯವರಿಗೆ ಕೊಡುವ ಹಾಗೆ ಅಂದೆ. ಅದು ತಕ್ಷಣ ಅರ್ಥವಾಯಿತು. ಡೊಮೇನ್‌ಗೆ ಯಾರೂ ಶಾಶ್ವತ ಮಾಲೀಕರಲ್ಲ. ಡಾಟ್ ಕಾಮ್ ಆದರೆ ಒಂದು ಸಲಕ್ಕೆ ಹೆಚ್ಚೆಂದರೆ 10 ವರ್ಷಕ್ಕೆ ದುಡ್ಡು ಕಟ್ಟಬಹುದು. ಅವಧಿ ಮುಗಿದ ದಿನವೇ ಅದು ಕೈಬಿಟ್ಟು ಹೋಗುವುದೂ ಇಲ್ಲ. ಮೊದಲು 45 ದಿನದವರೆಗೆ ಗ್ರೇಸ್ ಅವಧಿ ಇರಬಹುದು, ಎಷ್ಟು ದಿನ ಕೊಡಬೇಕು ಅನ್ನುವುದು ರಿಜಿಸ್ಟ್ರಾರ್‌ಗೆ, ಅಂದರೆ ಡೊಮೇನ್ ಮಾರುವ ಕಂಪನಿಗೆ, ಬಿಟ್ಟಿದ್ದು. ಅದಾದ ಮೇಲೆ 30 ದಿನ ರಿಡೆಂಪ್ಷನ್. ಆಗಲೂ ಹಳೆಯ ಮಾಲೀಕರು ವಾಪಸ್ ಪಡೆಯಬಹುದು, ಆದರೆ ದಂಡ ಸಾವಿರಗಳಲ್ಲಿ. ಕೊನೆಗೆ 5 ದಿನ ಪೆಂಡಿಂಗ್ ಡಿಲೀಟ್. ಆ ಐದು ದಿನ ಯಾರಿಗೂ ಏನೂ ಮಾಡಲು ಬರುವುದಿಲ್ಲ. ನಂತರ ಡ್ರಾಪ್. ಮೊದಲು ಬಂದವರಿಗೆ ಸಿಗುತ್ತದೆ. ಕೆಲವು ರಿಜಿಸ್ಟ್ರಾರ್‌ಗಳು ಅಲ್ಲಿಯವರೆಗೂ ಬಿಡದೆ ನಡುವೆಯೇ ಹರಾಜು ಹಾಕುತ್ತಾರೆ, ಅದು ಬೇರೆ ವಿಷಯ.

"ನಮಗೆ ಒಂದು ಮೇಲ್ ಕೂಡ ಬಂದಿಲ್ಲ" ಅಂದರು. ಅದು ಸುಳ್ಳಲ್ಲ, ಹಾಗಂತ ರಿಜಿಸ್ಟ್ರಾರ್ ಕಳಿಸಿಲ್ಲ ಅಂತಲೂ ಅಲ್ಲ. ಅವಧಿ ಮುಗಿಯುವ ಸುಮಾರು ತಿಂಗಳ ಮೊದಲು ಒಂದು, ವಾರದ ಮೊದಲು ಒಂದು, ಮುಗಿದ 5 ದಿನದೊಳಗೆ ಇನ್ನೊಂದು ಸೂಚನೆ ಕಳಿಸಲೇಬೇಕು ಅಂತ ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ನಿಯಮ 2013ರಿಂದ ಇದೆ. ಕಳಿಸುವುದು ಯಾರ ಇಮೇಲ್‌ಗೆ? ಇವರ ಸೈಟ್ ಮಾಡಿಕೊಟ್ಟ ಹುಡುಗ ಡೊಮೇನನ್ನು ತನ್ನ ಅಕೌಂಟ್‌ನಲ್ಲಿ, ತನ್ನ ಇಮೇಲ್‌ನಲ್ಲಿ ತೆಗೆದುಕೊಂಡಿದ್ದ. ಆಮೇಲೆ ಬೆಂಗಳೂರಲ್ಲಿ ಕೆಲಸ ಸಿಕ್ಕಿ ಹೋದ. ಫೋನ್ ನಂಬರ್ ಬದಲಾಯಿತು. ನನ್ನನ್ನು ಹುಡುಕಿ ಬಂದ ಹಳೆಯ ಮಾಲೀಕರಲ್ಲಿ ಜಾಸ್ತಿ ಜನರ ಕಥೆ ಇದೇ.

ಮರೆಯುವುದು ಸಣ್ಣವರು ಮಾತ್ರ ಅಂದುಕೊಳ್ಳಬೇಡಿ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್‌ನವರು ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ ದುಡ್ಡು ಕಟ್ಟುವುದನ್ನೇ ಮರೆತರು. ಅವರದೇ ಹಾಟ್‌ಮೇಲ್‌ನ ಲಾಗಿನ್ ಅದರ ಮೂಲಕ ಆಗಬೇಕಿತ್ತು, ಅದಾಗದೆ ಜನ ಒದ್ದಾಡಿದರು. ಮೈಕಲ್ ಚೇನಿ ಅನ್ನುವ ಲಿನಕ್ಸ್ ಪ್ರೋಗ್ರಾಮರ್ ತನ್ನ ಕಾರ್ಡಿನಲ್ಲಿ 35 ಡಾಲರ್ ಕಟ್ಟಿ ಸರಿಮಾಡಿದ. ಆಗಿನ ಕಾಲಕ್ಕೆ ಯಾರ ಬಾಕಿಯನ್ನು ಯಾರು ಬೇಕಾದರೂ ಕಟ್ಟಬಹುದಿತ್ತು!

ಮಾತಿನ ಮಧ್ಯೆ ಅಸಲಿ ವಿಷಯ ಹೊರಬಂತು. ಅವರಿಗೆ ಸೈಟ್ ಹೋದದ್ದು ಅಷ್ಟು ದೊಡ್ಡ ಚಿಂತೆ ಆಗಿರಲಿಲ್ಲ. ಬುಕಿಂಗ್ ಹೆಚ್ಚಾಗಿ ಫೋನ್‌ನಲ್ಲೇ. ಹೋಗಿದ್ದು ಇಮೇಲ್. ಆ ಡೊಮೇನ್‌ನ ವಿಳಾಸವನ್ನೇ ಜಿಎಸ್‌ಟಿ ಪೋರ್ಟಲ್‌ಗೆ ಕೊಟ್ಟಿದ್ದರು, ಬುಕಿಂಗ್ ಕಂಪನಿಗಳಿಗೆ ಕೊಟ್ಟಿದ್ದರು, ಬ್ಯಾಂಕಿಗೂ ಕೊಟ್ಟಿದ್ದರು. ಪಾಸ್‌ವರ್ಡ್ ಮರೆತರೆ ಕೋಡ್ ಬರುವುದು ಅಲ್ಲಿಗೇ.

ಇದು ಎಷ್ಟು ಅಪಾಯ ಅಂತ ಹೊಸಬರಿಗೆ ಗೊತ್ತಿರುವುದಿಲ್ಲ. ಡೊಮೇನ್ ಕೊಂಡವನು ಮನಸ್ಸು ಮಾಡಿದರೆ ಆ ಡೊಮೇನ್‌ಗೆ ಬರುವ ಅಷ್ಟೂ ಮೇಲ್ ತನ್ನ ಪೆಟ್ಟಿಗೆಗೆ ಬೀಳುವ ಹಾಗೆ ಮಾಡಬಹುದು. ಕ್ಯಾಚ್-ಆಲ್ ಅನ್ನುತ್ತಾರೆ. ಆಮೇಲೆ ಹಳೆಯವರ ಅಕೌಂಟ್‌ಗಳಲ್ಲಿ ಒಂದೊಂದಾಗಿ "ಪಾಸ್‌ವರ್ಡ್ ಮರೆತಿದೆ" ಒತ್ತಿದರೆ ಆಯಿತು. ಹಾಗಾಗಿ ನಾನು ಡೊಮೇನ್ ಕೈಗೆ ಬಂದ ದಿನವೇ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ಸೈಟ್, ಮೇಲ್ ಎಲ್ಲಿವೆ ಅಂತ ಬರೆದಿಡುವ ಜಾಗ) ನಲ್ ಎಂಎಕ್ಸ್ ಹಾಕುತ್ತೇನೆ. ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಯಲ್ಲಿ ಆದ್ಯತೆ 0, ಸರ್ವರ್ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕಿ. ಈ ಡೊಮೇನ್ ಮೇಲ್ ತೆಗೆದುಕೊಳ್ಳುವುದಿಲ್ಲ ಅಂತ ಅದರ ಅರ್ಥ. ಕಳಿಸಿದವರಿಗೆ ಆಗಲೇ ವಾಪಸ್ ಬಂದು, ವಿಳಾಸ ಸತ್ತಿದೆ ಅಂತ ಗೊತ್ತಾಗುತ್ತದೆ. ಬೇರೆಯವರ ಬ್ಯಾಂಕ್ ಪತ್ರ ನನ್ನ ಪೆಟ್ಟಿಗೆಗೆ ಬರುವುದೇ ಬೇಡ.

ಯಜಮಾನಿ ಕೇಳಿದರು, "ಹಾಗಾದರೆ ಆ ಮೇಲ್‌ಗಳನ್ನು ನನ್ನ ಜಿಮೇಲ್‌ಗೆ ಕಳಿಸ್ತೀರಾ?" ತಕ್ಷಣ ಹೂಂ ಅನ್ನಲಿಲ್ಲ. ಫೋನ್‌ನಲ್ಲಿ ಮಾತಾಡುತ್ತಿರುವವರು ನಿಜವಾಗಿ ಹಳೆಯ ಮಾಲೀಕರೇ ಅಂತ ನನಗೇನು ಗ್ಯಾರಂಟಿ? ಹಿಂದೊಮ್ಮೆ ಬೇರೆ ಹೆಸರಿಗೆ ಒಬ್ಬ ಬಂದಿದ್ದ. ಬಹಳ ನಯವಾಗಿ, "ನಾನೇ ಹಳೆಯ ಮಾಲೀಕ, ಆಥ್ ಕೋಡ್ ಕಳಿಸಿ, ದುಡ್ಡು ಆಮೇಲೆ" ಅಂದಿದ್ದ. ಆಥ್ ಕೋಡ್ ಅಂದರೆ ಡೊಮೇನನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬೇಕಾದ ಗುಟ್ಟಿನ ಕೋಡ್. ಹಳೆಯ ಸೈಟ್‌ನಲ್ಲಿದ್ದ ನಂಬರಿಗೆ ಫೋನ್ ಮಾಡಿದರೆ ಆ ಅಂಗಡಿಯವರಿಗೆ ಇವನು ಯಾರೆಂದೇ ಗೊತ್ತಿಲ್ಲ.

ಇಲ್ಲೂ ಅದನ್ನೇ ಮಾಡಿದೆ. ಹಳೆಯ ವೆಬ್ ಪುಟಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಅವರ ಸೈಟ್‌ನ ಪ್ರತಿ ಇತ್ತು. ಅದರಲ್ಲಿದ್ದ ಲ್ಯಾಂಡ್‌ಲೈನ್‌ಗೆ ನಾನೇ ಮಾಡಿದೆ. ಅದೇ ದನಿ ಎತ್ತಿಕೊಂಡಿತು. ಅದೂ ಸಾಲದು ಅಂತ ಅವರ ಫೇಸ್‌ಬುಕ್ ಪೇಜ್‌ನಲ್ಲಿ ನಾನು ಹೇಳಿದ ಒಂದು ಸಾಲು ಹಾಕಲು ಕೇಳಿದೆ. "ಈ ವಾರ ಮಂಗಟ್ಟೆ ಹಕ್ಕಿ ಕಂಡಿತು" ಅಂತ. ಬೇರೆಯವರಿಗೆ ಅದು ಮಾಮೂಲಿ ಪೋಸ್ಟ್, ನನಗೆ ಪುರಾವೆ. ಸ್ವಲ್ಪ ಹೊತ್ತಿನಲ್ಲಿ ಬಂತು, ಜೊತೆಗೆ ನಿಜವಾದ ಮಂಗಟ್ಟೆಯ ಫೋಟೋ. ಆಮೇಲೇ ನಲ್ ಎಂಎಕ್ಸ್ ತೆಗೆದು, ಅವರ ವಿಳಾಸಕ್ಕೆ ಬಂದದ್ದು ಅವರ ಜಿಮೇಲ್‌ಗೆ ಹೋಗುವ ಹಾಗೆ ಮಾಡಿದೆ. ಮೊದಲು ಬ್ಯಾಂಕ್ ಮತ್ತು ಜಿಎಸ್‌ಟಿಯಲ್ಲಿ ಇಮೇಲ್ ಬದಲಿಸಿಕೊಳ್ಳಿ, ಡೊಮೇನ್ ವಿಷಯ ಆಮೇಲೆ ಮಾತಾಡೋಣ ಅಂದೆ. ಜಗಳದ ಅರ್ಧ ಬಿಸಿ ಅಲ್ಲೇ ಇಳಿಯಿತು.

ಅಷ್ಟರಲ್ಲಿ ವಕೀಲರ ನೋಟಿಸ್ ಬಂತು. ಯಜಮಾನರು ನಾವು ಮಾತಾಡುವ ಮೊದಲೇ ಕಳಿಸಿದ್ದರಂತೆ. ಅದು ನಮ್ಮ ಟ್ರೇಡ್‌ಮಾರ್ಕ್ ಅಂತ ಬರೆದಿತ್ತು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ಹುಡುಕಾಟ ಎಲ್ಲರಿಗೂ ಉಚಿತ. ವಸತಿ, ಊಟ ಬರುವುದು 43ನೇ ವರ್ಗದಲ್ಲಿ. ಅಲ್ಲಿ ಆ ಹೆಸರು ಯಾರ ಹೆಸರಲ್ಲೂ ಇರಲಿಲ್ಲ. ಅಲ್ಲಿಗೆ ನಾನು ಗೆದ್ದೆ ಅಂತ ಅಲ್ಲ. ನೋಂದಣಿ ಇಲ್ಲದಿದ್ದರೂ ವರ್ಷಗಟ್ಟಲೆ ಆ ಹೆಸರಿನಲ್ಲಿ ವ್ಯಾಪಾರ ಮಾಡಿದವರಿಗೆ ನಮ್ಮ ಕಾನೂನಿನಲ್ಲಿ ರಕ್ಷಣೆ ಇದೆ. ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೇನ್ ಹೆಸರಿಗೂ ಅದು ಅನ್ವಯಿಸುತ್ತದೆ ಅಂತ ಹೇಳಿದೆ.

ಆದರೆ ಯುಡಿಆರ್‌ಪಿಯಲ್ಲಿ ಗೆಲ್ಲಬೇಕಾದರೆ ಮೂರೂ ಸಾಬೀತಾಗಬೇಕು. ಹೆಸರು ಅವರ ಮಾರ್ಕಿನ ಹಾಗೇ ಇದೆ, ನನಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ನಾನು ಅದನ್ನು ಕೆಟ್ಟ ಉದ್ದೇಶದಿಂದ ಕೊಂಡೂ ಇದ್ದೇನೆ, ಬಳಸಿಯೂ ಇದ್ದೇನೆ. ಸಾದಾ ಪದಗಳು, ಹಕ್ಕಿಗಳ ಸೈಟ್‌ಗೆ ಬರೆದಿಟ್ಟ ಕರಡು, ಜಾಹೀರಾತಿಲ್ಲದ ಪುಟ. ಇದಿಷ್ಟು ನನ್ನ ಕಡೆಗಿತ್ತು. ಇಂಥ ಜಗಳ ಬಗೆಹರಿಸುವ ಜಿನೀವಾದ ವೈಪೋ ಸಂಸ್ಥೆಯಲ್ಲಿ ಒಬ್ಬ ತೀರ್ಪುಗಾರರ ಮುಂದೆ ದೂರು ಕೊಡಲು 1,500 ಡಾಲರ್, ಅಂದರೆ ಲಕ್ಷ ರೂಪಾಯಿಗಿಂತ ಜಾಸ್ತಿ. ಇದನ್ನೆಲ್ಲ ಅವರ ವಕೀಲರಿಗೆ ಶಾಂತವಾಗಿ ಒಂದು ಪುಟದಲ್ಲಿ ಬರೆದೆ. ಅವರು ಮತ್ತೆ ಬರೆಯಲಿಲ್ಲ.

ಒಂದು ಮಾತು. ಡಾಟ್ ಇನ್ ಆಗಿದ್ದರೆ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರಲಿಲ್ಲ. ಡಾಟ್ ಇನ್ ಹೆಸರುಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ನಿಯಮದಲ್ಲಿ ಕೆಟ್ಟ ಉದ್ದೇಶದಿಂದ ಕೊಂಡಿದ್ದರೂ ಸಾಕು, ಬಳಸಿದ್ದರೂ ಸಾಕು. ಎರಡೂ ಆಗಿರಬೇಕಿಲ್ಲ. ಡಾಟ್ ಇನ್ ಹಿಡಿಯುವ ಮೊದಲು ಟ್ರೇಡ್‌ಮಾರ್ಕ್ ನೋಡಿಯೇ ಮುಂದೆ ಹೋಗುತ್ತೇನೆ.

ಹಾಗಾದರೆ ಯಾಕೆ ಕೊಟ್ಟೆ? ಇಟ್ಟುಕೊಳ್ಳಬಹುದಿತ್ತು. ಆದರೆ ರಸ್ತೆ ಬದಿಯ ಬೋರ್ಡ್, ಜೀಪಿನ ಹಿಂದೆ, ವಿಸಿಟಿಂಗ್ ಕಾರ್ಡ್, ಎಲ್ಲದರ ಮೇಲೂ ಅದೇ ವಿಳಾಸ. ನನಗೆ ಅದು ಹತ್ತರಲ್ಲಿ ಒಂದು ಹೆಸರು. ಬೇಕಂತಲೇ ಬಿಟ್ಟು, ನಾನು ಬೆಳೆಸಿದ ಮೇಲೆ "ನಮ್ಮದಾಗಿತ್ತು" ಅಂತ ಬಂದವರಿಗೆ ನಾನು ಕೊಡಲ್ಲ ಅಂದದ್ದೂ ಇದೆ, ಆ ಬಗ್ಗೆ ನನಗೆ ಏನೂ ಬೇಸರವಿಲ್ಲ. ಇವರು ಬಿಟ್ಟಿದ್ದಲ್ಲ, ಕಳೆದುಕೊಂಡಿದ್ದು.

ಬೆಲೆ ಅವರೇ ಕೇಳಿದರು. ಅವರ ತಮ್ಮ ಎಲ್ಲೋ ಓದಿದ್ದನಂತೆ, ಗೂಗಲ್ ಡಾಟ್ ಕಾಮ್ ಕೊಂಡವನಿಗೆ ಲಕ್ಷಗಟ್ಟಲೆ ಸಿಕ್ಕಿತ್ತು ಅಂತ. ಅದು 2015ರ ಮಾತು. ಸನ್ಮಯ್ ವೇದ್ ಅನ್ನುವವರು 12 ಡಾಲರ್‌ಗೆ ಕೊಂಡರು, ಒಂದು ನಿಮಿಷದಲ್ಲಿ ಗೂಗಲ್ ರದ್ದು ಮಾಡಿತು. ಬಹುಮಾನ 6,006.13 ಡಾಲರ್, ಅಂಕಿಯಲ್ಲೇ ಗೂಗಲ್ ಅಂತ ಬರೆದ ಹಾಗೆ. ನಮ್ಮ ಬೆಂಗಳೂರಿನ ಆರ್ಟ್ ಆಫ್ ಲಿವಿಂಗ್‌ಗೆ ಕೊಡುತ್ತೇನೆ ಅಂದಾಗ ಅದನ್ನು ದುಪ್ಪಟ್ಟು ಮಾಡಿದರು. ಅದು ಅವಧಿ ಮುಗಿದ ಹೆಸರೂ ಅಲ್ಲ, ಮಾರಾಟವೂ ಅಲ್ಲ. ನಾನು ಬ್ಯಾಕ್‌ಆರ್ಡರ್ ಬಿಲ್ ಕಳಿಸಿ, ಅದರ ಮೇಲೆ ನನ್ನ ಕೆಲಸಕ್ಕೆ ಇಷ್ಟು ಅಂದೆ. ಅವರು ಚೌಕಾಸಿ ಮಾಡಲಿಲ್ಲ.

ಹಸ್ತಾಂತರದಲ್ಲಿ ಒಂದು ತೊಡಕಿದೆ. ಹೊಸದಾಗಿ ನೋಂದಣಿಯಾದ ಡೊಮೇನನ್ನು ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲು ಬಿಡುವುದಿಲ್ಲ. ಆದರೆ ಅದೇ ರಿಜಿಸ್ಟ್ರಾರ್‌ನಲ್ಲಿ ಇನ್ನೊಂದು ಅಕೌಂಟ್‌ಗೆ ತಳ್ಳಬಹುದು. ಹಾಗಾಗಿ ಯಜಮಾನಿಯ ಹೆಸರಿನಲ್ಲೇ ಅಕೌಂಟ್ ಮಾಡಿಸಿದೆ. ಅಕೌಂಟ್‌ಗೆ ಇಮೇಲ್ ಏನು ಕೊಡಲಿ ಅಂದರು. ಹೋಮ್‌ಸ್ಟೇ ಡೊಮೇನ್‌ನದ್ದೇ ಕೊಡಲು ಹೊರಟಿದ್ದರು. ಬೇಡ ಅಂದೆ. ಡೊಮೇನ್ ನಿಂತರೆ ಆ ಮೇಲೂ ನಿಲ್ಲುತ್ತದೆ, ನೆನಪೋಲೆ ಬರುವುದು ಮತ್ತೆ ಗೊತ್ತೇ ಆಗುವುದಿಲ್ಲ. ಜಿಮೇಲ್ ಹಾಕಿಸಿ, ಅವರದೇ ಫೋನ್ ನಂಬರ್ ಕೊಡಿಸಿದೆ. ತಳ್ಳಿದ ಮೇಲೆ ಖಾತ್ರಿ ಮಾಡಿಕೊಳ್ಳುವ ಮೇಲ್ ಬರುತ್ತದೆ, 15 ದಿನದಲ್ಲಿ ಒತ್ತದಿದ್ದರೆ ಡೊಮೇನ್ ನಿಲ್ಲಿಸಿಬಿಡುತ್ತಾರೆ. ಅದು ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಹುಡುಕಿ ಒತ್ತುವವರೆಗೂ ನಾನು ಫೋನ್ ಇಡಲಿಲ್ಲ.

ದುಡ್ಡಿಗೆ ರಸೀದಿ ಕೊಟ್ಟೆ. ಜೊತೆಗೆ ಇಬ್ಬರೂ ಒಪ್ಪಿದ ಒಂದು ಮೇಲ್. ಡೊಮೇನ್ ಕೊಟ್ಟಾಯಿತು, ನೋಟಿಸ್ ಹಿಂದಕ್ಕೆ ಪಡೆದಾಯಿತು, ಒಬ್ಬರ ಮೇಲೆ ಇನ್ನೊಬ್ಬರಿಗೆ ಬಾಕಿ ಏನೂ ಇಲ್ಲ. ನನ್ನ ಹಕ್ಕಿ ಸೈಟ್‌ಗೆ ಬೇರೆ ಹೆಸರು ತೆಗೆದುಕೊಂಡೆ, ಈ ಸಲ ಯಾರೂ ಬಳಸದೆ ಇದ್ದದ್ದು. ಅವರ ಮಂಗಟ್ಟೆ ಫೋಟೋವನ್ನು ಕೇಳಿಯೇ ಅದರಲ್ಲಿ ಹಾಕಿದ್ದೇನೆ.