ತಿಮ್ಮಕ್ಕನವರ ನೆನಪಿಗೆ ಆಲ ನೆಡುವವರಿಗೆ

ಸಾಲುಮರದ ತಿಮ್ಮಕ್ಕನವರ ನೆನಪಿಗೆ ಆಲ ನೆಡುವ ಯೋಚನೆ ಇದ್ದರೆ ಎಷ್ಟು ಗಿಡಕ್ಕೆ ನೀರು ಹಾಕಲು ಆಗುತ್ತೋ ಅಷ್ಟೇ ನೆಡಿ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಮರಗಳು ಉಳಿದದ್ದು ಅವರೂ ಗಂಡ ಚಿಕ್ಕಯ್ಯನವರೂ ನೀರು ಹೊತ್ತು, ಮುಳ್ಳು ಕಟ್ಟಿ ಕಾದದ್ದಕ್ಕೆ.

ಬೀಜದ ಸಸಿಗಿಂತ ಕೊಂಬೆ ಬೇಗ ಎತ್ತರಕ್ಕೆ ಬರುತ್ತೆ. ಮಣಿಕಟ್ಟಿನ ದಪ್ಪದ, 6ರಿಂದ 8 ಅಡಿಯ ನೇರ ಕೊಂಬೆ ತಗೊಂಡು ಎಲೆ ಸವರಿ, ಬುಡ ಓರೆಯಾಗಿ ಕತ್ತರಿಸಿ. ಹಾಲು ಸೋರುವುದು ನಿಲ್ಲುವ ತನಕ ನೆರಳಲ್ಲಿಡಿ. ಮೇಲಿನ ತುದಿಗೆ ಸಗಣಿ ಮೆತ್ತಿ, ಇಲ್ಲದಿದ್ದರೆ ಅಲ್ಲಿಂದಲೇ ಒಣಗುತ್ತಾ ಇಳಿಯುತ್ತೆ. ಮುಂಗಾರು ಹಿಡಿದ ಮೇಲೆ 2 ಅಡಿ ಆಳಕ್ಕೆ ನೆಟ್ಟು ಮಣ್ಣನ್ನು ಚೆನ್ನಾಗಿ ತುಳಿಯಿರಿ. ಕೊಂಬೆ ಅಲುಗಾಡಿದರೆ ಎಳೆ ಬೇರು ಹರಿಯುತ್ತೆ. ಚಿಗುರು ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳಬೇಡಿ: ಮೊದಲ ಚಿಗುರು ಕೊಂಬೆಯೊಳಗಿನ ಸತ್ವದಿಂದಲೇ ಬರುತ್ತೆ, ಬೇರು ಇಲ್ಲದಿದ್ದರೆ ಆಮೇಲೆ ಬಾಡುತ್ತೆ.

ಮರದಿಂದ ಮರಕ್ಕೆ ಕನಿಷ್ಠ 40 ಅಡಿ ಬಿಡಿ. ಕರೆಂಟು ತಂತಿಯ ಕೆಳಗೆ, ಮನೆ ಗೋಡೆ, ಬಾವಿ ಹತ್ತಿರ ಬೇಡವೇ ಬೇಡ. ರಸ್ತೆ ಬದಿಯಾದರೆ ಪಂಚಾಯಿತಿಯ ಒಪ್ಪಿಗೆ ಬರಹದಲ್ಲಿ ತಗೊಳ್ಳಿ, ನಾಳೆ ರಸ್ತೆ ಅಗಲ ಮಾಡುವ ಯೋಜನೆ ಇದೆಯಾ ಅಂತಲೂ ವಿಚಾರಿಸಿ. ಮೊದಲ ಎರಡು ಬೇಸಿಗೆ ವಾರಕ್ಕೆ ಎರಡು ಸಲ ಎರಡೆರಡು ಕೊಡ ನೀರು. ಬೇಲಿಗೆ ಜಾಲಿ ಮುಳ್ಳೇ ಸಾಕು, ಆಡು ಕತ್ತು ಚಾಚಿದರೂ ಸಿಗದಷ್ಟು ದೂರಕ್ಕೆ.