ಗುಳೇದಗುಡ್ಡದ ಕಡೆಯಿಂದ ಜರ್ಮನಿಗೆ ಸೇವೆಗೆ ಬರುವ ತಮ್ಮ-ತಂಗಿಯರಿಗೆ

ಹೊರಡುವ ದಿನ ಚರ್ಚಿನ ಸಭೆಯವರೆಲ್ಲ ಬಸ್‌ಸ್ಟ್ಯಾಂಡಿಗೆ ಬರುತ್ತಾರೆ. ಹಾರ ಹಾಕಿ, ಪ್ರಾರ್ಥನೆ ಮಾಡಿ ಕಳಿಸುತ್ತಾರೆ. ನನ್ನನ್ನೂ ಹಾಗೇ ಕಳಿಸಿದ್ದರು. "ನಮ್ಮ ಹುಡುಗಿ ಮಿಶನರಿ ಆಗಿ ಹೊಂಟಾಳ" ಅಂತ ಅವ್ವ ಓಣಿಗೆಲ್ಲ ಹೇಳಿದ್ದಳು. ಸ್ಟುಟ್‌ಗಾರ್ಟ್ ಹತ್ತಿರದ ವೃದ್ಧಾಶ್ರಮದಲ್ಲಿ ಮೊದಲ ದಿನ ನನ್ನ ಕೈಗೆ ಬಂದದ್ದು ಸೂಪಿನ ಬಟ್ಟಲು, ಒಂದು ಚಮಚ.

ಸೇವೆ ಅಂದರೆ ಇಲ್ಲಿ ಇದೇ. ಬೆಳಿಗ್ಗೆ ಬೇಗ ಪಾಳಿ ಶುರು. ಅಜ್ಜಿಯರನ್ನು ಎಬ್ಬಿಸಬೇಕು, ತಲೆ ಬಾಚಬೇಕು, ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಡಬೇಕು. ಒಬ್ಬ ಅಜ್ಜಿಗೆ ನನ್ನ ಹೆಸರು ಒಂದು ದಿನವೂ ನೆನಪಿರುತ್ತಿರಲಿಲ್ಲ. ಒಮ್ಮೆ ಅವರ ಹಾಸಿಗೆ ಸರಿಮಾಡುತ್ತ ನಮ್ಮ ಸಭೆಯ ಹಾಡು ಗುನುಗುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಂಡೇ, ಅದೇ ರಾಗಕ್ಕೆ, ಜರ್ಮನ್‌ನಲ್ಲಿ ಮೂರು ಚರಣ ಹಾಡಿಬಿಟ್ಟರು. ಸ್ವಿಸ್-ಜರ್ಮನ್ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ನಾವು ನಮ್ಮದೇ ಅಂದುಕೊಂಡು ಹಾಡುವ ಎಷ್ಟೋ ರಾಗ ಈ ಕಡೆಯಿಂದ ಬಂದವು. ಅದಕ್ಕೇ ಹೇಳುತ್ತೇನೆ, ಪೆಟ್ಟಿಗೆಯಲ್ಲಿ ಕನ್ನಡದ ಹಾಡಿನ ಪುಸ್ತಕ ಮರೆಯದೆ ಇಟ್ಟುಕೊಳ್ಳಿ. ಭಾಷೆ ಬರುವ ಮುಂಚೆ ಅದೇ ನಿಮ್ಮ ಮಾತು.

ಖಡಕ್ ರೊಟ್ಟಿ, ಶೇಂಗಾ ಹಿಂಡಿ ತನ್ನಿ. ಬೆಳಗಾವಿ ಕುಂದಾ ಬೇಡ. ಹಾಲಿನ ಪದಾರ್ಥವನ್ನು ಹೊರದೇಶದಿಂದ ತರಲು ಬಿಡುವುದಿಲ್ಲ. ನನ್ನ ಒಂದು ಕಿಲೋ ಕುಂದಾ ವಿಮಾನ ನಿಲ್ದಾಣದ ಬುಟ್ಟಿಗೆ ಹೋಯಿತು, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರ ಸಹಿ ಇರುವ ಪತ್ರ ಕೈಯಲ್ಲಿರಲಿ. ರವಿವಾರ ಅಂಗಡಿ ಮುಚ್ಚಿರುತ್ತವೆ, ಹಾಲು-ಬ್ರೆಡ್ಡು ಶನಿವಾರವೇ ತಂದಿಡಿ. ರಾತ್ರಿ ಹತ್ತರ ಮೇಲೆ ಜೋರಾಗಿ ಹಾಡಬೇಡಿ.

ಇನ್ನೊಂದು ಮಾತು ಸ್ವಲ್ಪ ಗಮನ ಇಟ್ಟು ಕೇಳಿ. ನಮ್ಮಲ್ಲಿ "ಊಟ ಮಾಡ್ರಿ" ಅಂದರೆ ಮೊದಲು "ಬ್ಯಾಡ್ರಿ" ಅನ್ನುವುದೇ ಮರ್ಯಾದೆ. ಅವರು ಬಿಡುವುದಿಲ್ಲ, ಮೂರನೇ ಸಲಕ್ಕೆ ನಾವು ಕೂರುತ್ತೇವೆ. ಇಲ್ಲಿ ಒಮ್ಮೆ ಬೇಡ ಅಂದರೆ ಬೇಡ ಅಂತಲೇ. ಮತ್ತೆ ಕೇಳುವುದಿಲ್ಲ. ಅವರಿಗೆ ಪ್ರೀತಿ ಇಲ್ಲ ಅಂತಲ್ಲ, ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ ಅಷ್ಟೇ.

ಇದು ನನಗೆ ತಿಳಿದದ್ದು ಮೊದಲ ಕ್ರಿಸ್‌ಮಸ್‌ಗೆ. ಜೊತೆಗೆ ಕೆಲಸ ಮಾಡುವವರೊಬ್ಬರು 24ರ ಸಂಜೆ ಮನೆಗೆ ಬಾ ಅಂದರು. ನಾನು ಸಂಕೋಚದಿಂದ "ಪರವಾಗಿಲ್ಲ, ಬೇಡ" ಅಂದೆ. ಊರಲ್ಲಿ ಆ ರಾತ್ರಿ ಹಾರ್ಮೋನಿಯಂ ಹಿಡಿದು ಮನೆಮನೆಗೆ ಹಾಡುತ್ತ ಹೋಗುತ್ತಾರೆ, ಎಲ್ಲ ಬಾಗಿಲೂ ತೆರೆದಿರುತ್ತದೆ. ಇಲ್ಲಿ 24ರ ಸಂಜೆ ಮನೆಯವರದ್ದು. ಮಧ್ಯಾಹ್ನವೇ ಅಂಗಡಿ ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ. ಬೀದಿಯಲ್ಲಿ ಒಂದು ಜೀವ ಇರಲಿಲ್ಲ. ಎದುರು ಮನೆಯ ಕಿಟಕಿಯಲ್ಲಿ ಮೇಣದಬತ್ತಿ ನೋಡುತ್ತ ಒಣ ರೊಟ್ಟಿ ಮುರಿದು ತಿಂದೆ. ಅವ್ವನಿಗೆ ಫೋನ್ ಮಾಡಿ "ಎಲ್ಲಾ ಆರಾಮ" ಅಂದೆ, ಆಮೇಲೆ ಅತ್ತೆ.

ನೀವು ಹಾಗೆ ಮಾಡಬೇಡಿ. ಡಿಸೆಂಬರ್ ಶುರುವಿನಲ್ಲೇ ಪಾಸ್ಟರ್‌ಗೋ ಸಹೋದ್ಯೋಗಿಗೋ ನೇರವಾಗಿ ಹೇಳಿ: "ಹಬ್ಬಕ್ಕೆ ನಾನು ಒಬ್ಬಳೇ ಇದ್ದೇನೆ, ನಿಮ್ಮ ಮನೆಗೆ ಬರಬಹುದಾ?" ಇಲ್ಲಿ ಇದು ನಾಚಿಕೆಯ ಮಾತಲ್ಲ. ಮರುವರ್ಷ ನಾನು ಕೇಳಿದೆ. ಕರ್ಜಿಕಾಯಿ ಮಾಡಿಕೊಂಡು ಹೋದೆ. ಆ ಮನೆಯ ಮಕ್ಕಳು ಡಬ್ಬಿ ಖಾಲಿ ಮಾಡಿದರು. ಅಂದಹಾಗೆ ಆರು ಗಂಟೆ ಅಂದರೆ ಆರಕ್ಕೇ ಹೋಗಬೇಕು.

ಉಳಿದ ರಜೆಯನ್ನೆಲ್ಲ ಕೋಣೆಯಲ್ಲಿ ಮಲಗಿ ಕಳೆಯಬೇಡಿ. ಎಸ್ಲಿಂಗನ್ ಹತ್ತಿರವೇ ಇದೆ, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದ, ಬಾಸೆಲ್ ಮಿಶನ್ನಿನ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಅಲ್ಲೇ. 1894ರಲ್ಲಿ ನಮಗೆ ನಿಘಂಟು ಕೊಟ್ಟ ಕಿಟೆಲ್ ಕೊನೆಯುಸಿರೆಳೆದದ್ದು ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಎರಡೂ ಊರಿನ ಪಕ್ಕ ಹರಿಯುವುದು ನೆಕರ್ ನದಿ. ಅವರೂ ಪರದೇಶದಲ್ಲಿ ಮೊದಲು ಮಾತು ಕಲಿತವರೇ, ಅಲ್ವಾ? ಟ್ಯೂಬಿಂಗನ್‌ಗೆ ಹೋಗುವಾಗ ನನಗೂ ಹೇಳಿ, ಬರುತ್ತೇನೆ. ಹೊಳೆ ದಂಡೆಯಲ್ಲಿ ಕೂತು ಉಣ್ಣೋಣ. ರೊಟ್ಟಿ ನಾನು ಬಡಿದು ತರುತ್ತೇನೆ, ಹಿಂಡಿ ನೀವು ತನ್ನಿ.