ದುರ್ಗದಬೈಲಿನ ಮಾತುಗಾರ ಪತ್ತೇದಾರ: ಬರೆದು, ಅಚ್ಚು ಹಾಕಿ, ಮಾರಿದ ನನ್ನ ಅನುಭವ

ಮೂರನೆಯ ಪುಸ್ತಕದ ಸಾವಿರ ಪ್ರತಿಗಳ ಪೈಕಿ ಈಗ ಮನೆಯ ಅಟ್ಟದ ಮೇಲೆ ಉಳಿದಿರುವುದು ಹೆಚ್ಚೆಂದರೆ ಎಪ್ಪತ್ತು. ಅಚ್ಚಿನ ವೆಚ್ಚ ತೀರಿ ಕೈಯಲ್ಲಿ ಒಂದಿಷ್ಟು ಹಣವೂ ನಿಂತಿದೆ. ಮಾತಿನಲ್ಲಿ ಯಾರಿಗೂ ಸೋಲದ ಖಾಸಗಿ ಪತ್ತೇದಾರನೊಬ್ಬನನ್ನು ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕೂರಿಸಿ ಕಾದಂಬರಿ ಬರೆಯುತ್ತೇನೆಂದಾಗ ಧಾರವಾಡದ ಬರೆಹಗಾರ ಮಿತ್ರರು ಮೂರು ಆಕ್ಷೇಪ ಎತ್ತಿದ್ದರು. ಪತ್ತೇದಾರಿಯ ಕಾಲ ಟಿವಿ ಬಂದ ಮೇಲೆ ಮುಗಿಯಿತು, ನಗೆ ಬಂದರೆ ಕುತೂಹಲ ಸಾಯುತ್ತದೆ, ನಮ್ಮ ಕಡೆಯ ಮಾತು ದಾವಣಗೆರೆ ದಾಟಿದರೆ ನಡೆಯುವುದಿಲ್ಲ ಎಂದರು. ಮೂರೂ ನಿಜವಾಗಲಿಲ್ಲ. ಇದೇ ಕಸುಬಿನಲ್ಲಿ ಇರುವವರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಶವ, ಸುಳಿವು, ಶಂಕಿತರ ಪಟ್ಟಿ, ಕೊನೆಯ ಅಧ್ಯಾಯದ ತಿರುವು ಇವೆಲ್ಲ ನಿಮಗೆ ಗೊತ್ತಿರುವ ಸಂಗತಿಗಳಾದ್ದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ಈ ಬಗೆಯ ಕಾದಂಬರಿಯನ್ನು ಜನ ಏಕೆ ಮತ್ತೆ ಮತ್ತೆ ಓದುತ್ತಾರೆ ಎಂಬುದನ್ನು ನಾನು ಬಹಳ ದಿನ ಗಮನಿಸಿದ್ದೇನೆ. ಕೊಲೆ ಮಾಡಿದವನು ಯಾರೆಂಬುದು ಆರು ತಿಂಗಳಲ್ಲಿ ಮರೆತುಹೋಗುತ್ತದೆ, ಆದರೆ ಪತ್ತೇದಾರ ಸಾಹುಕಾರನಿಗೆ ಕೊಟ್ಟ ಉತ್ತರವನ್ನು ಓದುಗ ವರ್ಷಗಟ್ಟಲೆ ನೆನಪಿಟ್ಟು ಇನ್ನೊಬ್ಬನಿಗೆ ಹೇಳುತ್ತಾನೆ. ಖಾಸಗಿ ಪತ್ತೇದಾರನಿಗೆ ಸಮವಸ್ತ್ರವಿಲ್ಲ, ಜೀಪಿಲ್ಲ, ಪೊಲೀಸರಂತೆ ಬಂಧಿಸುವ ಅಧಿಕಾರವಿಲ್ಲ. ಸಾಲದ್ದಕ್ಕೆ ಮನೆ ಬಾಡಿಗೆ ಬಾಕಿ ಇರುತ್ತದೆ. ಅಂಥವನು ಹಣವಂತನ ಎದುರು, ಠಾಣೆಯ ಸಾಹೇಬರ ಎದುರು, ಚಾಕು ಹಿಡಿದವನ ಎದುರು ತಲೆಯೆತ್ತಿ ನಿಲ್ಲಲು ಅವನಲ್ಲಿರುವುದು ನಾಲಗೆ ಮಾತ್ರ. ಕಚೇರಿಯಲ್ಲಿ ಮೇಲಿನವರ ಮಾತು ಕೇಳಿ ಸುಮ್ಮನೆ ಮನೆಗೆ ಬರುವ ಓದುಗನಿಗೆ, ತಾನು ಹೇಳಬೇಕಾಗಿದ್ದ ಉತ್ತರವನ್ನು ಇವನು ಹೇಳಿದನೆಂಬ ತೃಪ್ತಿ ಸಿಗುತ್ತದೆ. ಈ ಸಾಹಿತ್ಯದ ಜೀವ ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಅಮೆರಿಕದಲ್ಲಿ ಈ ಪರಂಪರೆಯನ್ನು ಕಟ್ಟಿದವರಲ್ಲಿ ಡ್ಯಾಶಿಯಲ್ ಹ್ಯಾಮೆಟ್ ಪಿಂಕರ್ಟನ್ ಪತ್ತೇದಾರಿ ಸಂಸ್ಥೆಯಲ್ಲಿ ಸ್ವತಃ ದುಡಿದವರು. ರೇಮಂಡ್ ಚಾಂಡ್ಲರ್ 1932ರಲ್ಲಿ ತೈಲ ಕಂಪನಿಯ ಕೆಲಸ ಕಳೆದುಕೊಂಡು, ನಲವತ್ತು ದಾಟಿದ ವಯಸ್ಸಿನಲ್ಲಿ ಬರೆಯಲು ಕುಳಿತರು. 1933ರಲ್ಲಿ ಅವರ ಮೊದಲ ಕಥೆಗೆ ಪದಕ್ಕೆ ಒಂದು ಸೆಂಟಿನಂತೆ 180 ಡಾಲರ್ ಸಿಕ್ಕಿತು, ಮೊದಲ ಕಾದಂಬರಿ ಬಂದದ್ದು 1939ರಲ್ಲಿ. ಅವರ ಪತ್ತೇದಾರನ ದರ ದಿನಕ್ಕೆ 25 ಡಾಲರ್ ಮತ್ತು ಖರ್ಚು. ನಮ್ಮಲ್ಲಿ ಎನ್. ನರಸಿಂಹಯ್ಯನವರು ಐದುನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಮನೆಮಾತಾಗಿಸಿದರು, ಎರಡು ತಲೆಮಾರಿಗೆ ಕನ್ನಡ ಓದುವ ಹವ್ಯಾಸ ಹಿಡಿಸಿದರು. ಅವರ ಋಣ ನನ್ನ ಮೇಲಿದೆ. ಆದರೆ ನನಗೆ ಬೇಕಾಗಿದ್ದವನು ಕೇಸು ಬಿಡಿಸುವ ಮೊದಲೇ ಊಟದ ಉದ್ರಿ ತೀರಿಸಬೇಕಾದ ಮನುಷ್ಯ.

ಅವನ ಕೈಯಲ್ಲಿ ಪಿಸ್ತೂಲು ಇರಬೇಕೆಂದು ಕೆಲವರು ಒತ್ತಾಯಿಸಿದರು. ನಾನು ಕೊಡಲಿಲ್ಲ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆಂದು ಪ್ರತ್ಯೇಕ ಕಾನೂನೇ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಕಾನೂನಾಗಲಿಲ್ಲ. ಅವನು ಯಾರ ಫೋನಿನ ಕರೆಗಳ ದಾಖಲೆಯನ್ನೂ ತೆಗೆಸುವಂತಿಲ್ಲ, ಯಾರ ಮನೆಯೊಳಗೂ ನುಗ್ಗುವಂತಿಲ್ಲ. ಈ ಎಲ್ಲ 'ಇಲ್ಲ'ಗಳನ್ನು ನಾನು ಕಾದಂಬರಿಯೊಳಗೇ ತಂದೆ. ಅವು ಹೆಚ್ಚಿದಷ್ಟೂ ಅವನ ಮಾತಿಗೆ ಬೆಲೆ ಹೆಚ್ಚಿತು.

ಮೊದಲ ಪುಸ್ತಕದ ಗತಿಯನ್ನು ವಿವರವಾಗಿ ಹೇಳಲೇಬೇಕು. ಪ್ರಕಾಶಕರೊಬ್ಬರು ಒಪ್ಪಿದರು, ಆದರೆ ಸಂಭಾಷಣೆಯನ್ನೆಲ್ಲ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಬೇಕು ಮತ್ತು ಅರ್ಧ ವೆಚ್ಚ ನಾನು ಭರಿಸಬೇಕು ಎಂಬ ಕರಾರಿನ ಮೇಲೆ. ಇಪ್ಪತ್ತು ಸಾವಿರದ ಆಸುಪಾಸು ನಾನು ಕೊಟ್ಟೆ. 500 ಪ್ರತಿ ಅಚ್ಚಾದವು, ವರ್ಷ ಕಳೆದರೂ ನೂರೈವತ್ತು ಹೋಗಲಿಲ್ಲ. ಹೋದವುಗಳ ಹಣವನ್ನೂ ವಿತರಕರು ಉದ್ರಿ ಲೆಕ್ಕದಲ್ಲೇ ಉಳಿಸಿಕೊಂಡರು, ಇಂದಿಗೂ ಬಂದಿಲ್ಲ. ನಗಬೇಕಾದ ಕಡೆ ಓದುಗರು ನಗಲಿಲ್ಲ, ಏಕೆಂದರೆ ಹುಬ್ಬಳ್ಳಿಯ ಗೂಂಡಾ ಮೈಸೂರಿನ ಮೇಷ್ಟ್ರಂತೆ ಮಾತಾಡುತ್ತಿದ್ದ.

ಎರಡನೆಯದನ್ನು ನನ್ನ ರೀತಿಯಲ್ಲೇ ಬರೆದೆ. ಕಥೆ ಹೇಳುವವನು ಪತ್ತೇದಾರನೇ. ಅವನ ನಿರೂಪಣೆ ಶುದ್ಧ ಬರೆಹದ ಕನ್ನಡದಲ್ಲಿದೆ, ಬಾಯಿ ತೆರೆದರೆ ಮಾತ್ರ ನಮ್ಮ ಊರಿನ ಮಾತು. ಈ ಎರಡರ ನಡುವಿನ ಅಂತರದಲ್ಲಿ ಅರ್ಧ ನಗೆ ತಾನಾಗಿಯೇ ಹುಟ್ಟುತ್ತದೆ. ಜೊತೆಗೆ ದೂರದ ಓದುಗ ನಿರೂಪಣೆಯನ್ನು ಹಿಡಿದು ಮುಂದೆ ಸಾಗುತ್ತಾನಾದ್ದರಿಂದ ಸಂಭಾಷಣೆಯಲ್ಲಿ ಒಂದೆರಡು ಪದ ತಿಳಿಯದಿದ್ದರೂ ನಿಲ್ಲುವುದಿಲ್ಲ. ಶಿವಮೊಗ್ಗದಿಂದಲೂ ಮಂಡ್ಯದಿಂದಲೂ ಬೇಡಿಕೆ ಬಂದದ್ದೇ ಇದಕ್ಕೆ ಸಾಕ್ಷಿ.

ಒಂದು ಮಾತನ್ನು ಹೇಗೆ ಇಳಿಸಿದೆ ಎಂಬುದನ್ನು ತೋರಿಸುತ್ತೇನೆ. ಬಡ್ಡಿ ವ್ಯವಹಾರದವನ ಇಬ್ಬರು ಆಳುಗಳು ಪತ್ತೇದಾರನ ಕೋಣೆಗೆ ಬಂದು, "ಈ ಕೇಸ್ ಬಿಡು, ಇಲ್ಲಂದ್ರ ಕೈಕಾಲು ಮುರೀತೀವಿ" ಎನ್ನುತ್ತಾರೆ. ಮೊದಲ ಕರಡಿನಲ್ಲಿ ಅವನ ಉತ್ತರ ಹೀಗಿತ್ತು: "ನಮ್ಮಪ್ಪ ನನಗ ಆಸ್ತಿ ಅಂತ ಬಿಟ್ಟು ಹೋಗಿದ್ದು ಇವೆರಡು ಕೈ, ಎರಡು ಕಾಲು ಅಷ್ಟ ಐತ್ರೀ, ಅವನ್ನೂ ನೀವ ಒಯ್ದರ ನಾ ಏನ್ ಮಾಡ್ಲಿ?" ಇದರಲ್ಲಿ ಅಳು ಇದೆ. ಎರಡನೆಯ ಕರಡಿನಲ್ಲಿ ಅವನೂ ತಿರುಗಿ ಬೆದರಿಸಿದ. ಅಲ್ಲಿ ಅವನು ಸಿನಿಮಾ ನಾಯಕನಾದ. ಅಚ್ಚಾದದ್ದು ಇಷ್ಟು: "ಮುರಿಯೋದಾದ್ರ ಕಾಲು ಮುರೀರಿ ಅಣ್ಣಾರ, ಕೈ ಬಿಲ್ ಬರ್ಯಾಕ ಬೇಕು." ಹೆದರಿಕೆ ಇದೆ, ಬಡತನ ಇದೆ, ಬಂದವರಿಗೆ ಮರ್ಯಾದೆಯೂ ಇದೆ, ಆದರೂ ಕೇಸು ಬಿಡುವುದಿಲ್ಲವೆಂದು ಹೇಳಿಯಾಯಿತು. ಇನ್ನೊಂದು ಕಡೆ ಗೋಕುಲ ರಸ್ತೆಯ ಕಾರ್ಖಾನೆಯ ಮಾಲೀಕನೊಬ್ಬ, "ನಾ ಯಾರಂತ ಗೊತ್ತೈತೇನ್ ನಿನಗ?" ಎಂದು ಗದರಿಸುತ್ತಾನೆ. "ಅದನ್ನ ಪತ್ತೆ ಹಚ್ಚಾಕ ಬ್ಯಾರೆ ಫೀ ಆಕ್ಕೇತ್ರಿ" ಎಂಬುದು ಉತ್ತರ. ಈ ಸಾಲನ್ನು ಧಾರವಾಡದ ಚಹಾದಂಗಡಿಯೊಂದರಲ್ಲಿ ನನ್ನ ಪರಿಚಯವಿಲ್ಲದ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಕನ್ನಡದಲ್ಲಿ ಇಂಥ ಸಾಲು ಸದ್ಯ ಬೇರೆ ಯಾರೂ ಬರೆಯುತ್ತಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ನಾನು ಎಂದೂ ಮುರಿಯದ ನಿಯಮ ಒಂದಿದೆ. ನಗೆ ಯಾವಾಗಲೂ ತನಗಿಂತ ಬಲಶಾಲಿಯಾದವನ ಕಡೆಗೇ ಹಾರಬೇಕು. ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಎದುರು ಕುಳಿತಾಗ, ಹಮಾಲಿ ಮಾಡುವವನು ಮಗ ಕಾಣೆಯಾಗಿದ್ದಾನೆಂದು ಬಂದಾಗ ಪತ್ತೇದಾರ ನೀರು ಕೊಟ್ಟು ಸುಮ್ಮನೆ ಕೇಳುತ್ತಾನೆ. ಆ ಮೌನವನ್ನು ಕಂಡ ಓದುಗನಿಗೆ ಇವನ ಕೊಂಕು ಬರೀ ಬಾಯಿಚಟವಲ್ಲ ಎಂಬುದು ತಿಳಿಯುತ್ತದೆ. ಶವದ ಬಗ್ಗೆ ಒಂದೇ ಒಂದು ಚಟಾಕಿಯನ್ನೂ ನಾನು ಬರೆದಿಲ್ಲ, ಬರೆಯುವುದೂ ಇಲ್ಲ.

ಕುತೂಹಲ ಸಾಯುತ್ತದೆ ಎಂಬ ಆಕ್ಷೇಪಕ್ಕೆ ಉತ್ತರವನ್ನು ಕಟ್ಟುವಿಕೆಯಲ್ಲೇ ಕೊಟ್ಟೆ. ಚಾಂಡ್ಲರ್ ಕಾಗದವನ್ನು ಅರ್ಧಕ್ಕೆ ಕತ್ತರಿಸಿ, ಪ್ರತಿ ತುಂಡಿನಲ್ಲೂ ಜೀವವುಳ್ಳದ್ದು ಏನಾದರೂ ಇರಲೇಬೇಕೆಂದು ಬರೆಯುತ್ತಿದ್ದರು. ನಾನೂ ಎ-ಫೋರ್ ಹಾಳೆಯನ್ನು ಅರ್ಧ ಮಾಡಿಕೊಂಡೆ. ನನ್ನ ಅರ್ಧ ಹಾಳೆಯಲ್ಲಿ ಹತ್ತು ಹನ್ನೆರಡು ಸಾಲು ಹಿಡಿಯುತ್ತವೆ. ಅದರೊಳಗೆ ಒಂದು ಹೊಸ ಸಂಗತಿ ಇಲ್ಲವೇ ಒಂದು ಚುರುಕು ಮಾತು ಇರದಿದ್ದರೆ ಆ ಹಾಳೆ ಕಸದ ಬುಟ್ಟಿಗೆ ಹೋಗುತ್ತದೆ. ಬರೆದ ಚಟಾಕಿಗಳಲ್ಲಿ ನಾಲ್ಕರಲ್ಲಿ ಒಂದು ಉಳಿದರೆ ಹೆಚ್ಚು. ಮುಖ್ಯ ಸುಳಿವನ್ನು ನಗೆಯ ಸಾಲಿನ ಬೆನ್ನಿಗೆ ಅಂಟಿಸಿಡುತ್ತೇನೆ. ಓದುಗ ನಗುವ ಕ್ಷಣದಲ್ಲಿ ಅದು ಅವನ ಕಣ್ಣೆದುರೇ ಜಾರಿಹೋಗುತ್ತದೆ, ಕೊನೆಗೆ ಅದನ್ನು ತೆಗೆದು ತೋರಿಸಿದಾಗ ಮೋಸವಾಯಿತೆಂದು ಅವನು ದೂರುವಂತಿಲ್ಲ. ನಗೆಯ ಹಿಂದೆಯೋ ಮುಂದೆಯೋ, ಎಷ್ಟು ಪುಟ ಬಿಟ್ಟು ಅದನ್ನು ಮತ್ತೊಮ್ಮೆ ಮುಟ್ಟಬೇಕು ಎಂಬ ಲೆಕ್ಕವನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ನಾಲ್ಕನೆಯ ಪುಸ್ತಕ ಅದರ ಮೇಲೆ ನಿಂತಿದೆ.

ಓದುಗರನ್ನು ಹುಡುಕಿದ್ದು ಧಾರವಾಡದ ಸಪ್ತಾಪುರದಲ್ಲಿ. ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅಲ್ಲಿ ತುಂಬಿದ್ದಾರೆ. ದಿನವಿಡೀ ಸಾಮಾನ್ಯ ಜ್ಞಾನ ಓದಿ ಬೇಸತ್ತವರಿಗೆ ರಾತ್ರಿ ಎರಡು ತಾಸಿನಲ್ಲಿ ಮುಗಿಯುವ ಪುಸ್ತಕ ಬೇಕು. ಝೆರಾಕ್ಸ್ ಅಂಗಡಿಗಳಲ್ಲಿ ಹತ್ತು ಹತ್ತು ಪ್ರತಿ ಇಟ್ಟೆ. ಕೈಬರಹದ ಅಧ್ಯಾಯಗಳನ್ನು ಖಾನಾವಳಿಯಲ್ಲಿ ಓದಿ ಹೇಳಿ, ರೊಟ್ಟಿ ಮುರಿಯುವ ಕೈ ನಿಂತ ಜಾಗಕ್ಕೆ ಗುರುತು ಹಾಕಿಕೊಂಡೆ. ಅವರಿಂದ ಇನ್ನೊಂದು ಲಾಭವೂ ಆಯಿತು: 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದ ಮೇಲೆ ಕೊಲೆಗೆ ಹಳೆಯ 302ರ ಬದಲು 103ನೆಯ ಕಲಂ ಎಂದು ಬರೆಯಬೇಕು ಎನ್ನುವಂಥ ಸಂಗತಿಗಳನ್ನು ಅವರು ತಪ್ಪದೆ ನೋಡಿಕೊಡುತ್ತಾರೆ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ಕೇಸು ನಡೆಸಲು ಹೋಗಿ ಕಡ್ಡಿ, ಡಬ್ಬಿ ತಳಿಗಳ ವ್ಯತ್ಯಾಸವನ್ನು ಕಲಿತುಬಂದೆ. ಆದರೆ ಹಂಗಾಮಿನಲ್ಲಿ ಅಲ್ಲಿ ಕೆಮ್ಮದೆ ಎರಡು ಮಾತು ಆಡಲಾಗುವುದಿಲ್ಲವಾದ್ದರಿಂದ ಚುರುಕು ಸಂಭಾಷಣೆಗೆ ಆ ಜಾಗ ಒಗ್ಗಲಿಲ್ಲ, ಕಥೆ ಕಪಾಟಿನಲ್ಲಿದೆ. ಹುಬ್ಬಳ್ಳಿ ನಿಲ್ದಾಣದ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮಾತ್ರ ಚೆನ್ನಾಗಿ ಒದಗಿತು. ಅದರ ಈ ತುದಿಯಿಂದ ಆ ತುದಿಗೆ ಸಾಧಾರಣ ನಡಿಗೆಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಒಬ್ಬನನ್ನು ಹಿಂಬಾಲಿಸುತ್ತ ಒಂದು ಇಡೀ ಅಧ್ಯಾಯದ ಮಾತುಕತೆಯನ್ನು ಅಲ್ಲೇ ಮುಗಿಸಿದೆ. ವಾಟ್ಸಾಪ್‌ನಲ್ಲಿ ಧ್ವನಿ ಅಧ್ಯಾಯಗಳನ್ನು ಕಳಿಸಿದಾಗ ಕೇಳಿದವರು ಬಹಳ, ಕೊಂಡವರು ಬೆರಳೆಣಿಕೆ. ಅದನ್ನು ನಿಲ್ಲಿಸಿದೆ.

ಇನ್ನು ಹಣದ ವಿಷಯ. ಎರಡನೆಯ ಪುಸ್ತಕವನ್ನು 300 ಪ್ರತಿ ಡಿಜಿಟಲ್ ಮುದ್ರಣದಲ್ಲಿ ತಂದೆ, ಪ್ರತಿಗೆ ಎಪ್ಪತ್ತರ ಹತ್ತಿರ ಬಿತ್ತು. ನೂರು ರೂಪಾಯಿಗೆ ಮಾರಿ, ಅಂಗಡಿಯವರ ಪಾಲು ಕಳೆದು, ಹಾಕಿದ್ದು ಹಾಕಿದಷ್ಟೇ ಬಂತು. ಮೂರನೆಯದಕ್ಕೆ ಮುದ್ರಣ ಕಾಶಿಯೆಂದೇ ಹೆಸರಾದ ಗದಗಕ್ಕೆ ಹೋದೆ. ಅಂಗಿಯ ಕಿಸೆಗಿಂತ ತುಸು ದೊಡ್ಡದಾದ ಅಳತೆ, 112 ಪುಟ, ಸಾವಿರ ಪ್ರತಿ, ಎಲ್ಲ ಸೇರಿ ನಲವತ್ತೆರಡು ಸಾವಿರದ ಆಜುಬಾಜು. ಬೆಲೆ ತೊಂಬತ್ತು. ಅಂಗಡಿಗಳಿಗೆ ಶೇಕಡಾ 30 ಬಿಟ್ಟು ಆರುನೂರರಷ್ಟು ಹೋದವು, ಮುನ್ನೂರಕ್ಕೂ ಹೆಚ್ಚು ನೇರವಾಗಿ ನನ್ನ ಕೈಯಿಂದಲೇ ಹೋದವು. ಅಂಚೆ, ಓಡಾಟ ಕಳೆದು ಇಪ್ಪತ್ತು ಸಾವಿರದಷ್ಟು ಉಳಿದಿದೆ. ಉದ್ರಿ ಕೊಡದೆ, ಹಳೆಯ ಪ್ರತಿಗಳ ಹಣ ಕೈಗೆ ಬಂದ ಮೇಲಷ್ಟೇ ಹೊಸದನ್ನು ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ನಾಲ್ಕನೆಯದನ್ನು ಅದೇ ಗದಗಿನ ಮುದ್ರಣಾಲಯಕ್ಕೆ ಒಂದೂವರೆ ಸಾವಿರ ಪ್ರತಿಗೆ ಹೇಳಿದ್ದೇನೆ. ಕಾಗದದ ದರ ಏರಿರುವುದರಿಂದ ಬೆಲೆಯನ್ನು ನೂರಾ ಹತ್ತಕ್ಕೆ ಏರಿಸಬೇಕಾಗಿದೆ, ಪತ್ತೇದಾರನ ದಿನದ ಫೀಯನ್ನು ಮಾತ್ರ ಮೊದಲಿನಂತೆ ಒಂದೂವರೆ ಸಾವಿರ ರೂಪಾಯಿ ಮತ್ತು ಪೆಟ್ರೋಲ್ ಖರ್ಚು ಎಂದೇ ಉಳಿಸಿಕೊಂಡಿದ್ದೇನೆ.